ಆಂಬಿವಲೆನ್ಸ್ ಅಂದ್ರೇನು?

ಮಿಕ್ಸ್ಡ್ ಫೀಲಿಂಗ್ಸ್ ಅಂತೀವಲ್ಲ, ಅದಕ್ಕೆ ಸೈಕಾಲಜಿಯವರು ಬಳಸೋ ಪದ ಆಂಬಿವಲೆನ್ಸ್. ಒಬ್ಬರ ಮೇಲೋ ಒಂದು ವಿಷಯದ ಮೇಲೋ ಪ್ರೀತಿನೂ ಸಿಟ್ಟೂ, ಆಸೆನೂ ಭಯನೂ, ಹಿಂಗೆ ಒಂದಕ್ಕೊಂದು ಆಗಿಬರದ ಎರಡು ಭಾವನೆ ಒಂದೇ ಹೊತ್ತಲ್ಲಿ ಇರೋದು. ಒಂದು ಹೋಗಿ ಇನ್ನೊಂದು ಬರೋದಲ್ಲ, ಎರಡೂ ಒಟ್ಟಿಗೇ ಠಿಕಾಣಿ ಹೂಡಿರ್ತವೆ, ಅದೇ ಫಜೀತಿ.

ಕೇಳೋಕೆ ಪುರಾತನ ಪದದ ತರ ಇದ್ರೂ ವಯಸ್ಸು ನೂರು ಚಿಲ್ಲರೆ ವರ್ಷ ಅಷ್ಟೆ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ 1910ರಲ್ಲಿ ಜರ್ಮನ್ ಭಾಷೇಲಿ ಇದನ್ನ ಚಾಲ್ತಿಗೆ ತಂದಿದ್ದು, ಲ್ಯಾಟಿನ್ನಲ್ಲಿ 'ಆಂಬಿ' ಅಂದ್ರೆ ಎರಡೂ ಕಡೆ, 'ವಲೆನ್ಷಿಯಾ' ಅಂದ್ರೆ ಬಲ. ಕೆಮಿಸ್ಟ್ರಿಯಲ್ಲಿ ವೇಲೆನ್ಸಿ ಅಂತ ಓದಿರ್ತೀರಲ್ಲ, ಅದರ ಬೇರೂ ಇದೇ. ಸ್ಕಿಜೋಫ್ರೇನಿಯಾ (ಒಂದು ತೀವ್ರ ಮಾನಸಿಕ ಕಾಯಿಲೆ), ಆಟಿಸಂ ಅನ್ನೋ ಪದಗಳೂ ಇದೇ ಪುಣ್ಯಾತ್ಮನವು, ಹೆಸರಿಡೋದ್ರಲ್ಲಿ ಎತ್ತಿದ ಕೈ ಅನ್ಸುತ್ತೆ. ಮೊದಲು ಆತ ಇದನ್ನ ಸ್ಕಿಜೋಫ್ರೇನಿಯಾದ ಒಂದು ಮುಖ್ಯ ಲಕ್ಷಣ ಅಂತ ಹೇಳಿದ್ದು, ಭಾವನೆಯಲ್ಲಿ, ಯೋಚನೆಯಲ್ಲಿ, ಇಚ್ಛೆಯಲ್ಲಿ ಅಂತ ಮೂರು ಬಗೆನೂ ಮಾಡಿದ. ಇಚ್ಛೆಯದ್ದು ಅಂದ್ರೆ ಊಟ ಮಾಡ್ಬೇಕು ಅಂತಾನೂ ಇರುತ್ತೆ, ಬೇಡ ಅಂತಾನೂ ಇರುತ್ತೆ. ಆಮೇಲೆ ಮನೋವಿಶ್ಲೇಷಣೆ ಶುರುಮಾಡಿದ ಫ್ರಾಯ್ಡ್ ಈ ಪದ ಎತ್ಕೊಂಡು ಎಲ್ಲ ಮನುಷ್ಯರ ಸಂಬಂಧಕ್ಕೂ ಹಚ್ಚಿದ ಮೇಲೆ ಇದು ಆಸ್ಪತ್ರೆ ದಾಟಿ ಮಾಮೂಲಿ ಮಾತಿಗೆ ಬಂತು.

ಈಗ ಸುಮಾರು ಜನ 'ನನಗೇನೂ ಅನ್ಸಲ್ಲ, ಹೆಂಗಾದ್ರೂ ಸರಿ' ಅನ್ನೋ ಅರ್ಥದಲ್ಲಿ ಬಳಸ್ತಾರೆ, ಅದು ತಪ್ಪು, ಪೂರ್ತಿ ಉಲ್ಟಾ. ಅದು ಉದಾಸೀನ. ಇಲ್ಲಿ ಏನೂ ಅನ್ಸದೇ ಇರೋದಲ್ಲ, ಎರಡು ಪಟ್ಟು ಅನ್ಸೋದು.

ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ಅಮ್ಮನ್ನ ನೋಡ್ಕೊಂಡ ಮಗಳನ್ನೇ ತಗೊಳ್ಳಿ. ಅಮ್ಮ ಹೋದ ದಿನ ಬಿಕ್ಕಿ ಬಿಕ್ಕಿ ಅಳ್ತಾಳೆ, ಅವತ್ತೇ ರಾತ್ರಿ, ಇನ್ಮೇಲೆ ಎರಡು ಗಂಟೆಗೆ ಎದ್ದು ಮಗ್ಗುಲು ತಿರುಗಿಸೋದು ಇಲ್ವಲ್ಲ ಅಂತ ಮೈ ಹಗುರಾಗುತ್ತೆ, ತಕ್ಷಣ 'ಛೇ, ನಾನೆಂಥವಳು' ಅಂತ ತನ್ನನ್ನೇ ಬೈಕೋತಾಳೆ. ಅಳುನೂ ನಾಟಕ ಅಲ್ಲ, ನಿರಾಳನೂ ಸುಳ್ಳಲ್ಲ.

ಇದಕ್ಕೆ ಉಭಯಸಂಕಟ ಅನ್ನೋದು ನನಗೆ ಅಷ್ಟು ಸರಿ ಕಾಣಲ್ಲ, ಯಾಕಂದ್ರೆ ಅದ್ರಲ್ಲಿ ಎರಡರಲ್ಲೊಂದು ಆರಿಸ್ಕೊಳ್ಳೋ ತಾಪತ್ರಯ ಇರುತ್ತೆ, ಈ ಮಗಳಿಗೆ ಆರಿಸ್ಕೊಳ್ಳೋಕೆ ಏನೂ ಉಳಿದಿಲ್ಲ. ಗೊಂದಲ ಅಂದ್ರೂ ಆಗಲ್ಲ, ತನಗೇನನ್ಸ್ತಿದೆ ಅಂತ ಅವಳಿಗೆ ಸ್ಪಷ್ಟವಾಗೇ ಗೊತ್ತು. ದ್ವಂದ್ವ ಭಾವ ಅಂದ್ರೆ ಹೆಚ್ಚುಕಮ್ಮಿ ಹೊಂದುತ್ತೆ.