ಉಳದೆ ಬಿಟ್ಟ ಹೊಲಕ್ಕೆ ಅಮೆರಿಕದಲ್ಲಿ ಸರ್ಕಾರ ಯಾಕೆ ದುಡ್ಡು ಕೊಡುತ್ತದೆ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಹೊಲ ಬೀಳು ಬಿಟ್ಟರೆ ಸರ್ಕಾರ ಪ್ರತಿ ವರ್ಷ ಹಣ ಕೊಡುತ್ತದಂತೆ. ನಿಜವಾ? ಸುಮ್ನೆ ಕೂತವರಿಗೆ ಯಾಕೆ ಕೊಡಬೇಕು?

ಹಣ ಕೊಡುವುದು ನಿಜ. ಆದರೆ ಸುಮ್ನೆ ಕೂತಿದ್ದಕ್ಕಲ್ಲ. ಮಣ್ಣು ಹಾರಿಹೋಗದ ಹಾಗೆ ಹಿಡಿದಿಟ್ಟಿದ್ದಕ್ಕೆ ಕೊಡುವ ಬಾಡಿಗೆ ಅದು.

ಒಕ್ಲಹೋಮ ರಾಜ್ಯದ ಪಶ್ಚಿಮದ ತುದಿಯಲ್ಲಿ ಸಿಮರಾನ್ ಎಂಬ ಕೌಂಟಿ ಇದೆ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಆದರೆ ಇಲ್ಲಿರುವ ಜನ 2,500ಕ್ಕೂ ಕಡಿಮೆ. ಹಿಂದೆ ಇದೆಲ್ಲ ಹುಲ್ಲುಗಾವಲು. ಗೋಧಿಗೆ ಒಳ್ಳೆ ಬೆಲೆ ಬಂದಾಗ ಹುಲ್ಲು ಕಿತ್ತು ಉತ್ತರು. 1930ರ ದಶಕದಲ್ಲಿ ಮಳೆ ಕೈಕೊಟ್ಟಿತು. ಗೋಧಿ ಒಣಗಿತು, ಮಣ್ಣು ಹಿಡಿಯಲು ಹುಲ್ಲಿನ ಬೇರೂ ಇರಲಿಲ್ಲ. 1935ರ ಏಪ್ರಿಲ್ 14ರ ಭಾನುವಾರ ಕಪ್ಪು ಗೋಡೆಯಂಥ ಧೂಳು ಎದ್ದು ಬಂದು ಹಗಲನ್ನೇ ಕತ್ತಲು ಮಾಡಿತು. ಆ ದಿನವನ್ನು ಅಲ್ಲಿಯವರು ಇಂದಿಗೂ 'ಕಪ್ಪು ಭಾನುವಾರ' ಅನ್ನುತ್ತಾರೆ. ಅದೇ ತಿಂಗಳು ಮಣ್ಣು ಉಳಿಸುವ ಕಾನೂನು ಬಂತು.

ಪಾಠ ಬಹಳ ದಿನ ನೆನಪಿರಲಿಲ್ಲ. 1970ರ ದಶಕದಲ್ಲಿ ಧಾನ್ಯದ ರಫ್ತು ಏರಿದಾಗ ಬದುವಿನಿಂದ ಬದುವಿಗೆ ಮತ್ತೆ ಉತ್ತರು. ಸವಕಳಿ ಮತ್ತೆ ಶುರುವಾಯಿತು. ಹಾಗಾಗಿ 1985ರ ಕೃಷಿ ಕಾನೂನಿನಲ್ಲಿ ಕನ್ಸರ್ವೇಶನ್ ರಿಸರ್ವ್ ಪ್ರೋಗ್ರಾಂ ಎಂಬ ಈ ಬಾಡಿಗೆ ಯೋಜನೆ ಸೇರಿತು. ಜನ ಕರೆಯುವುದು ಸಿಆರ್‌ಪಿ ಅಂತ.

ರೈತ ತನ್ನ ಕೌಂಟಿಯಲ್ಲಿರುವ, ಕೃಷಿ ಇಲಾಖೆಯ ಫಾರ್ಮ್ ಸರ್ವಿಸ್ ಏಜೆನ್ಸಿ ಕಚೇರಿಗೆ ಹೋಗಿ 10ರಿಂದ 15 ವರ್ಷದ ಕರಾರು ಮಾಡಿಕೊಳ್ಳುತ್ತಾನೆ. ಅಷ್ಟು ವರ್ಷ ಬೆಳೆ ಬೆಳೆಯುವಂತಿಲ್ಲ. ಹುಲ್ಲೋ ಮರವೋ ಬೆಳೆಸಬೇಕು. ಅದರ ಖರ್ಚಿನಲ್ಲಿ ಅರ್ಧದವರೆಗೆ ಸರ್ಕಾರದ್ದು. ಕಳೆ ನೋಡಿಕೊಳ್ಳುವುದು ಇವನ ಹೊಣೆ. ಮಣ್ಣಿನ ಗುಣ ಮತ್ತು ಆ ಕೌಂಟಿಯ ಗುತ್ತಿಗೆ ದರ ನೋಡಿ ಎಕರೆಗೆ ಇಷ್ಟು ಅಂತ ಬಾಡಿಗೆ ಗೊತ್ತು ಮಾಡುತ್ತಾರೆ. ಒಬ್ಬರಿಗೆ ವರ್ಷಕ್ಕೆ 50,000 ಡಾಲರ್ ಮಿತಿ. ನಡುವೆ ಕರಾರು ಮುರಿದರೆ, ಅಲ್ಲಿಯವರೆಗೆ ಪಡೆದದ್ದನ್ನೆಲ್ಲ ಬಡ್ಡಿ ಸಮೇತ ವಾಪಸ್ ಕೊಡಬೇಕು. ಬೀಳು ಬಿಟ್ಟು ಕೂರುವುದಲ್ಲ, ಅಲ್ವಾ?

ನನಗೆ ಜಾಸ್ತಿ ಕಾಡುವುದು ಬೇರೆ. ಭೂಮಿ ಒಬ್ಬರದು, ಉಳುವವರು ಇನ್ನೊಬ್ಬರು ಆಗಿದ್ದರೆ? ಅಲ್ಲಿ ಎಷ್ಟೋ ಹೊಲಗಳ ಒಡೆಯರು ದೂರದ ನಗರದಲ್ಲಿರುತ್ತಾರೆ. ಸಿಆರ್‌ಪಿಗೆ ಹಾಕಲೆಂದೇ ಗುತ್ತಿಗೆದಾರನನ್ನು ಬಿಡಿಸುವಂತಿಲ್ಲ ಎಂದು ನಿಯಮ ಹೇಳುತ್ತದೆ. ಆದರೆ ಗುತ್ತಿಗೆಯ ಅವಧಿ ತಾನಾಗಿಯೇ ಮುಗಿದಾಗ ಅವನ ಕೈಯಲ್ಲಿ ಏನಿರುತ್ತದೆ? ಒಡೆಯನಿಗೆ ಚೆಕ್ ಬರುತ್ತದೆ, ಉಳುತ್ತಿದ್ದವನು ಬೇರೆ ಹೊಲ ಹುಡುಕಬೇಕು.

ಪೇಟೆಗೂ ಪೆಟ್ಟು ಬೀಳುತ್ತದೆ. ಬಿತ್ತನೆ ಇಲ್ಲದಿದ್ದರೆ ಬೀಜ, ಗೊಬ್ಬರ, ಡೀಸೆಲ್ ಯಾರು ಕೊಳ್ಳುತ್ತಾರೆ? ಟ್ರ್ಯಾಕ್ಟರ್ ರಿಪೇರಿಗೆ ಯಾರು ಬರುತ್ತಾರೆ? ಇದೇ ಕಾರಣಕ್ಕೆ ಒಂದು ಕೌಂಟಿಯ ಸಾಗುವಳಿ ಭೂಮಿಯಲ್ಲಿ ಸಾಮಾನ್ಯವಾಗಿ ಶೇ. 25ಕ್ಕಿಂತ ಹೆಚ್ಚನ್ನು ಸೇರಿಸುವಂತಿಲ್ಲ. ಇದು ತುಂಬಾ ಒಳ್ಳೆಯ ನಿಯಮ. ಮಣ್ಣಿನ ಜೊತೆ ಊರೂ ಉಳಿಯಬೇಕಲ್ಲ.

ಕರಾರು ಮುಗಿದ ಮೇಲೆ ಏನು ಎಂಬುದೇ ಈ ಯೋಜನೆಯ ದುರ್ಬಲ ಜಾಗ. 2007ರಲ್ಲಿ ಸುಮಾರು 3 ಕೋಟಿ 68 ಲಕ್ಷ ಎಕರೆ ಇದರಲ್ಲಿತ್ತು. ಆಮೇಲೆ ಮೆಕ್ಕೆಜೋಳ, ಗೋಧಿ ಬೆಲೆ ಏರಿತು. ಕರಾರು ಮುಗಿದ ಎಷ್ಟೋ ಹೊಲಗಳಿಗೆ ನೇಗಿಲು ಮರಳಿತು. 2014ರ ಕಾನೂನು ದೇಶದ ಒಟ್ಟು ಮಿತಿಯನ್ನೇ 2 ಕೋಟಿ 40 ಲಕ್ಷ ಎಕರೆಗೆ ಇಳಿಸಿತು.

ಆದರೆ ಅದೇ ಕಾನೂನು ಇನ್ನೊಂದು ದಾರಿಯನ್ನೂ ತೆರೆಯಿತು. ಇರುವ ಹುಲ್ಲುಗಾವಲನ್ನೇ ಸಿಆರ್‌ಪಿಗೆ ಸೇರಿಸಬಹುದು. ಬಾಡಿಗೆ ಕಡಿಮೆ, ಆದರೆ ದನ ಮೇಯಿಸಬಹುದು. ಉಳುವಂತಿಲ್ಲ ಅಷ್ಟೆ. ಸಿಮರಾನ್‌ನಂಥ ಒಣ ನೆಲಕ್ಕೆ ಇದೇ ಹೆಚ್ಚು ಹೊಂದುತ್ತದೆ ಅಂತ ನನಗನಿಸುತ್ತದೆ. ಹುಲ್ಲಿನ ಬೇರು ನೆಲದಲ್ಲೇ ಇರುತ್ತದೆ, ದನ ಸಾಕುವವರೂ ಊರಲ್ಲೇ ಉಳಿಯುತ್ತಾರೆ.