ಡಿಲೀಟ್ ಒತ್ತುವ ಮುಂಚೆ

ಹತ್ತನೇ ಕ್ಲಾಸಿನ ಹುಡುಗನೊಬ್ಬ ಅಂದುಕೊಳ್ಳಿ. ರಾತ್ರಿ ಹನ್ನೊಂದೂವರೆ. ಇನ್‌ಸ್ಟಾಗ್ರಾಮ್‌ನಲ್ಲಿ ಮೂರು ದಿನದಿಂದ ಮಾತಾಡುತ್ತಿದ್ದ 'ಹುಡುಗಿ' ತನ್ನದೊಂದು ಬೆತ್ತಲೆ ಫೋಟೊ ಕಳಿಸಿ ಇವನದನ್ನೂ ಕೇಳಿದಳು. ಇವನು ಕಳಿಸಿದ. ಎರಡೇ ನಿಮಿಷಕ್ಕೆ ಮಾತಿನ ವರಸೆ ಬದಲಾಯಿತು. ಇವನ ಫಾಲೋವರ್‌ಗಳ ಪಟ್ಟಿಯ ಸ್ಕ್ರೀನ್‌ಶಾಟ್ ಬಂತು: ಅಕ್ಕ, ಸೋದರಮಾವ, ಟ್ಯೂಷನ್ ಮೇಷ್ಟ್ರು, ಕ್ರಿಕೆಟ್ ಟೀಮಿನ ಹುಡುಗರು. 'ಹತ್ತು ನಿಮಿಷದಲ್ಲಿ ಐದು ಸಾವಿರ ಹಾಕು, ಇಲ್ಲಾಂದ್ರೆ ಎಲ್ಲರಿಗೂ ಹೋಗುತ್ತೆ.'

ಆಗ ಕೈ ಹೋಗುವುದು ಡಿಲೀಟ್ ಬಟನ್ ಕಡೆಗೆ. ಚಾಟ್, ಫೋಟೊ, ಅಕೌಂಟು, ಎಲ್ಲ ಅಳಿಸಿಬಿಡುವ ಆತುರ. ಗೊತ್ತಾದ ಮೇಲೆ ದೊಡ್ಡವರು ಹೇಳುವುದೂ ಅದನ್ನೇ: 'ಮೊದಲು ಅದನ್ನ ತೆಗೆದು ಬಿಸಾಕು.' ನನ್ನ ತಕರಾರು ಇಲ್ಲೇ. ಆ ಫೋಟೊ ಹರಡದಂತೆ ತಡೆಯುವ ಒಂದು ಒಳ್ಳೆಯ ಉಪಾಯ ಇದೆ, ಅದಕ್ಕೆ ಬೇಕಾಗಿರುವುದೇ ಆ ಫೋಟೊ.

ಉಪಾಯದ ಹೆಸರು ಹ್ಯಾಶ್. ಚಿತ್ರದ ಬೆರಳಚ್ಚು ಅನ್ನಬಹುದು. ಇದರ ಸರಳ ರೂಪವೊಂದನ್ನು ಕಾಗದ ಪೆನ್ಸಿಲ್ಲಿನಲ್ಲೇ ಮಾಡಿ ನೋಡಬಹುದು. ಒಂದು ಪಾಸ್‌ಪೋರ್ಟ್ ಫೋಟೊ ತಗೊಳ್ಳಿ. ಬಣ್ಣ ತೆಗೆದು ಕಪ್ಪು-ಬಿಳುಪು ಮಾಡಿ. ಅದನ್ನು ಕುಗ್ಗಿಸುತ್ತಾ ಹೋಗಿ, ಅಡ್ಡಕ್ಕೆ 9, ಉದ್ದಕ್ಕೆ 8 ಚೌಕ ಮಾತ್ರ ಉಳಿಯುವಷ್ಟು. ಮುಖ ಈಗ ಮುಖವಾಗಿ ಉಳಿದಿಲ್ಲ, ಬರೀ 72 ಬೂದು ಚೌಕಗಳು. ಇನ್ನು ಪ್ರತಿ ಚೌಕಕ್ಕೂ ಒಂದೇ ಪ್ರಶ್ನೆ: ನೀನು ಬಲಗಡೆಯವನಿಗಿಂತ ಬೆಳ್ಳಗಿದ್ದೀಯಾ? ಹೌದಾದರೆ 1, ಅಲ್ಲವಾದರೆ 0. ಸಾಲಿನ ಕೊನೆಯವನಿಗೆ ಬಲಗಡೆ ಯಾರೂ ಇಲ್ಲ, ಹಾಗಾಗಿ ಸಾಲಿಗೆ 8 ಉತ್ತರ, 8 ಸಾಲು, ಒಟ್ಟು 64 ಅಂಕಿ. ಇದೇ ಬೆರಳಚ್ಚು.

ಸ್ವಾರಸ್ಯ ಇರುವುದು ಆ ಹೋಲಿಕೆಯಲ್ಲಿ. ಫೋಟೊದ ಬೆಳಕು ಹೆಚ್ಚಿಸಿದರೆ ಹಣೆಯೂ ಬೆಳ್ಳಗಾಗುತ್ತದೆ, ಕೂದಲೂ ಬೆಳ್ಳಗಾಗುತ್ತದೆ. ಆದರೆ ಹಣೆ ಕೂದಲಿಗಿಂತ ಬೆಳ್ಳಗಿರುವುದು ಬದಲಾಗುವುದಿಲ್ಲ. ಪುಡಿಯ ಬಣ್ಣ ಬದಲಾದರೂ ರಂಗೋಲಿಯ ಚುಕ್ಕಿ ಲೆಕ್ಕ ಬದಲಾಗದ ಹಾಗೆ. ವಾಟ್ಸಾಪ್‌ನಲ್ಲಿ ಹಾದು ಮಸುಕಾಗಲಿ, ಯಾರೋ ಫಿಲ್ಟರ್ ಹಾಕಲಿ, 64ರಲ್ಲಿ ನಾಲ್ಕೋ ಐದೋ ಅಂಕಿ ತಿರುಗಬಹುದು ಅಷ್ಟೆ. ಸಂಬಂಧವೇ ಇಲ್ಲದ ಎರಡು ಚಿತ್ರಗಳಾದರೆ ಸುಮಾರು ಅರ್ಧದಷ್ಟು ಅಂಕಿಗಳು ಬೇರೆ ಇರುತ್ತವೆ. ಪಾಸ್‌ವರ್ಡ್ ಕಾಯಲು ಬಳಸುವ ಹ್ಯಾಶ್‌ಗಳ ಗುಣ ಇದಕ್ಕೆ ಉಲ್ಟಾ. ಅಲ್ಲಿ ಒಂದು ಚುಕ್ಕಿ ಬದಲಾದರೂ ಉತ್ತರ ಪೂರ್ತಿ ಬೇರೆ. ಹರಡುವ ನಕಲುಗಳನ್ನು ಹಿಡಿಯಲು ಬೇಕಾದದ್ದು ಸ್ವಲ್ಪ ಸಡಿಲವಾದ ಈ ಮೊದಲ ಜಾತಿ.

ನಿಜವಾಗಿ ಬಳಕೆಯಲ್ಲಿರುವ ವಿಧಾನಗಳು ಇದಕ್ಕಿಂತ ಗಟ್ಟಿ. 2009ರಲ್ಲಿ ಮೈಕ್ರೋಸಾಫ್ಟ್ ಮತ್ತು ಡಾರ್ಟ್‌ಮತ್ ಕಾಲೇಜಿನ ಹನಿ ಫರೀದ್ ಸೇರಿ ರೂಪಿಸಿದ 'ಫೋಟೊಡಿಎನ್‌ಎ' ಈ ಕ್ಷೇತ್ರದ ಹಿರಿಯಣ್ಣ. ಮಕ್ಕಳ ಲೈಂಗಿಕ ಶೋಷಣೆಯ ಹಳೇ ಚಿತ್ರಗಳು ಮತ್ತೆ ಮತ್ತೆ ಸುತ್ತಿ ಬರುವುದನ್ನು ತಡೆಯಲು ಅದನ್ನು ಮಾಡಿದ್ದು. 2019ರಲ್ಲಿ ಫೇಸ್‌ಬುಕ್ 'ಪಿಡಿಕ್ಯು' ಎಂಬ 256 ಅಂಕಿಗಳ ಹ್ಯಾಶ್ ಮಾಡಿ ಎಲ್ಲರ ಬಳಕೆಗೂ ಬಿಟ್ಟಿತು.

ಇದನ್ನು ಮಕ್ಕಳ ಕೈಗೇ ಕೊಟ್ಟದ್ದು 'ಟೇಕ್ ಇಟ್ ಡೌನ್'. ಕಾಣೆಯಾದ ಮತ್ತು ಶೋಷಿತ ಮಕ್ಕಳಿಗಾಗಿ ಇರುವ ಅಮೆರಿಕದ ರಾಷ್ಟ್ರೀಯ ಕೇಂದ್ರ ನಡೆಸುವ ಈ ಸೇವೆ 2023ರ ಫೆಬ್ರುವರಿಯಲ್ಲಿ ಜಗತ್ತಿಗೆ ಪರಿಚಯವಾಯಿತು. ಹದಿನೆಂಟು ತುಂಬುವ ಮುಂಚೆ ತೆಗೆದ ಚಿತ್ರಗಳಿಗೆ ಮಾತ್ರ ಇದು. ಯಾವ ದೇಶದಿಂದಲೂ ಬಳಸಬಹುದು, ಹೆಸರು ಹೇಳಬೇಕಿಲ್ಲ, ದುಡ್ಡಿಲ್ಲ. ಹ್ಯಾಶ್ ತಯಾರಾಗುವುದು ನಮ್ಮ ಫೋನಿನಲ್ಲೇ. ಫೋಟೊ ಫೋನು ಬಿಟ್ಟು ಕದಲುವುದಿಲ್ಲ, ಅಂಕಿಗಳ ಸರ ಮಾತ್ರ ಹೋಗುತ್ತದೆ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಟಿಕ್‌ಟಾಕ್, ಸ್ನ್ಯಾಪ್‌ಚಾಟ್‌ನಂಥ ಜೊತೆಗೂಡಿದ ಕಂಪನಿಗಳು ಆ ಸರಕ್ಕೆ ಹೊಂದುವ ಚಿತ್ರ ತಮ್ಮಲ್ಲಿ ಬಂದಿದೆಯೇ ಎಂದು ನೋಡಿ ತೆಗೆಯುತ್ತವೆ. ವಯಸ್ಕರಿಗೆ ಇಂಥದ್ದೇ ಇನ್ನೊಂದಿದೆ, 'ಸ್ಟಾಪ್‌ಎನ್‌ಸಿಐಐ', 2021ರ ಡಿಸೆಂಬರ್‌ನಿಂದ.

ಅಂಕಿಗಳಿಂದ ಯಾರಾದರೂ ಫೋಟೊ ವಾಪಸ್ ಎಬ್ಬಿಸಿದರೆ? ಕೆಲವು ಹ್ಯಾಶ್‌ಗಳಿಂದ ಮಸುಕು ಮಸುಕಾದ ಆಕಾರ ಬರಿಸಿ ತೋರಿಸಿದ ಸಂಶೋಧಕರಿದ್ದಾರೆ. ಹಾಗಾಗಿ ಈ ಪಟ್ಟಿಗಳು ಬೀದಿಗೆ ಬೀಳಬಾರದು ಎನ್ನುವುದು ಸರಿಯೇ. ಆದರೂ ಮೂಲ ಫೋಟೊ ಯಾವನದೋ ಕೈಯಲ್ಲಿ ಇರುವಾಗ ಇದು ಸಣ್ಣ ಅಪಾಯ.

ದೊಡ್ಡ ಕೊರತೆಗಳು ಬೇರೆ ಇವೆ. ವಾಟ್ಸಾಪ್‌ನಂಥ ಕಡೆ ಸಂದೇಶಗಳು ಈ ತುದಿಯಿಂದ ಆ ತುದಿಯವರೆಗೆ ಗೂಢಲಿಪಿಯಲ್ಲೇ ಸಾಗುವುದರಿಂದ ನಡುವೆ ನಿಂತು ಹ್ಯಾಶ್ ತಾಳೆ ನೋಡಲು ಆಗದು. ಫೋನಿನಲ್ಲೇ ತಾಳೆ ನೋಡೋಣವೆಂದು ಆ್ಯಪಲ್ 2021ರಲ್ಲಿ ಹೊರಟಿತು. ನಾಳೆ ಸರ್ಕಾರಗಳು ಇದರಲ್ಲಿ ಇನ್ನೇನನ್ನೋ ಹುಡುಕಿಸುತ್ತವೆ ಎಂಬ ಆಕ್ಷೇಪ ಜೋರಾಗಿ ಎದ್ದು 2022ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತು. ಆ ಆಕ್ಷೇಪ ಟೊಳ್ಳಲ್ಲ. ಇನ್ನು ಎಐ. 2023ರಲ್ಲಿ ಸ್ಪೇನಿನ ಅಲ್ಮೆಂದ್ರಲೇಹೊ ಎಂಬ ಊರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರ ಬಟ್ಟೆ ತೊಟ್ಟ ಮಾಮೂಲಿ ಫೋಟೊಗಳಿಂದಲೇ ನಗ್ನ ಚಿತ್ರ ಸೃಷ್ಟಿಯಾದವು. ಅಂಥ ನಕಲಿ ಚಿತ್ರದ್ದೂ ಹ್ಯಾಶ್ ತೆಗೆಯಬಹುದು, ಆದರೆ ಆ ಚಿತ್ರ ಸಂತ್ರಸ್ತೆಯ ಕೈಗೆ ಸಿಗಬೇಕಲ್ಲ.

ಹುಡುಗನ ಹತ್ತು ನಿಮಿಷಕ್ಕೆ ಬರೋಣ. ಹದಿನಾರರ ಹೊತ್ತಿಗೆ ಮಕ್ಕಳು ಸಮಾಧಾನವಾಗಿ ಕೂತು ಯೋಚಿಸಿದರೆ ದೊಡ್ಡವರಷ್ಟೇ ಚೆನ್ನಾಗಿ ತರ್ಕ ಮಾಡುತ್ತಾರೆ, ಆದರೆ ಭಯ, ನಾಚಿಕೆ, ಗೆಳೆಯರ ಕಣ್ಣು ಇವೆಲ್ಲ ಒಟ್ಟಿಗೆ ಬಿದ್ದಾಗ ತಡೆದುಕೊಳ್ಳುವ ಶಕ್ತಿ ಮಾಗುವುದು ಇನ್ನೂ ತಡವಾಗಿ ಎಂದು ಮನಶ್ಶಾಸ್ತ್ರಜ್ಞ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಸಂಗಡಿಗರು ಹಲವು ದೇಶಗಳ ಮಕ್ಕಳನ್ನು ಪರೀಕ್ಷಿಸಿ ಹೇಳಿದ್ದಾರೆ. ವಂಚಕ ಈ ಶಾಸ್ತ್ರ ಓದಿಲ್ಲ, ಆದರೂ ಗಡಿಯಾರ ಇಟ್ಟೇ ಆಡಿಸುತ್ತಾನೆ. ಅಮೆರಿಕದಲ್ಲಿ 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗೆ ಮಕ್ಕಳಿಂದ ಹೀಗೆ ಹಣ ಕೀಳುವ 13,000ಕ್ಕೂ ಹೆಚ್ಚು ದೂರುಗಳು ಬಂದವು ಎಂದು ಎಫ್‌ಬಿಐ ಹೇಳಿದೆ. ಬಲಿಪಶುಗಳಲ್ಲಿ ಹೆಚ್ಚಿನವರು ಹುಡುಗರು. ಕನಿಷ್ಠ 20 ಮಕ್ಕಳು ಜೀವ ಕಳೆದುಕೊಂಡರು. ದುಡ್ಡು ಕೊಟ್ಟರೂ ಬೆದರಿಕೆ ನಿಲ್ಲುತ್ತದೆಂದಿಲ್ಲ. ಇವನ ಹತ್ತಿರ ಕೊಡಲಿಕ್ಕಿದೆ ಎಂದು ಗೊತ್ತಾಗುತ್ತದೆ, ಅಷ್ಟೇ.

ಹಾಗಾದರೆ ಏನು ಇಟ್ಟುಕೊಳ್ಳಬೇಕು? ಹ್ಯಾಶ್‌ಗೆ ಆ ಫೋಟೊ. ದೂರಿಗೆ ಆ ಅಕೌಂಟಿನ ಹೆಸರು, ಲಿಂಕು, ಬೆದರಿಕೆಯ ಸಾಲುಗಳು, ಹಣ ಕೇಳಿದ ಯುಪಿಐ ಐಡಿ, ಹೊತ್ತು. ಆಮೇಲೆ ಬ್ಲಾಕ್ ಮಾಡಲಿ. ದೂರಿಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ, ಮಕ್ಕಳ ಸಹಾಯವಾಣಿ 1098 ಇದೆ, ದುಡ್ಡು ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930. ಆದರೆ ಆ ಫೋಟೊವನ್ನು 'ಸಾಕ್ಷಿಗಿರಲಿ' ಎಂದು ಅಪ್ಪ ಚಿಕ್ಕಪ್ಪನಿಗೆ, ಚಿಕ್ಕಪ್ಪ ಪರಿಚಯದ ವಕೀಲರಿಗೆ ದಾಟಿಸುವುದು ಬೇಡವೇ ಬೇಡ. ಮಕ್ಕಳ ಇಂಥ ಚಿತ್ರವನ್ನು ರವಾನಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನ ಪ್ರಕಾರ ಅಪರಾಧ.

'ಅಪ್ಪಂಗೆ ಗೊತ್ತಾದ್ರೆ ಮುಗೀತು ನನ್ ಕಥೆ' ಎಂದು ಹುಡುಗ ಹೆದರುವುದು ಬೈಗುಳಕ್ಕೊಂದೇ ಅಲ್ಲ, ಆ ಫೋಟೊ ತೋರಿಸಬೇಕಾಗುತ್ತಲ್ಲ ಅಂತ. ಹ್ಯಾಶ್ ಮಾಡಲು ಮನೆಯವರು ಅದನ್ನು ನೋಡಬೇಕಿಲ್ಲ. ಅಮ್ಮ ಪಕ್ಕದಲ್ಲಿ ಕೂತಿರಬಹುದು, ಗೋಡೆ ಕಡೆ ಮುಖ ಮಾಡಿಕೊಂಡಾದರೂ. ಫೋನು ಅವನ ಕೈಯಲ್ಲೇ ಇರಲಿ.