ಬ್ಯಾಡ್ಜ್ ಒತ್ತಿದರೆ ಏನು ತೆರೆಯುತ್ತದೆ?

ಹೋದ ವರ್ಷ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿ, "ಸರ್, ಇಂಟರ್‌ವ್ಯೂನಲ್ಲಿ ನನ್ನ ಬ್ಯಾಡ್ಜ್ ಓಪನ್ನೇ ಆಗಲಿಲ್ಲ" ಅಂದಳು. ಒಂದು ಕೆಲಸ ಕಲಿತದ್ದಕ್ಕೆ ಆನ್‌ಲೈನಿನಲ್ಲಿ ಕೊಡುವ ಡಿಜಿಟಲ್ ಸರ್ಟಿಫಿಕೇಟೇ ಈ ಬ್ಯಾಡ್ಜ್. ರೆಸ್ಯೂಮೆಯಲ್ಲಿ ಅದರ ಲಿಂಕ್ ಹಾಕಿದ್ದಳಂತೆ. ಎದುರಿಗೆ ಕೂತಿದ್ದವರು ಒತ್ತಿದರೆ 'ಪುಟ ಸಿಗಲಿಲ್ಲ' ಎಂದು ಬಂತಂತೆ. ತಪ್ಪು ಅವಳದಲ್ಲ. ನಾನು ಆಗ ಪಾಠ ಮಾಡುತ್ತಿದ್ದ ಪಾಲಿಟೆಕ್ನಿಕ್ ತನ್ನ ವೆಬ್ ವಿಳಾಸ ಬದಲಿಸಿತ್ತು. ಹಳೆಯ ಸರ್ವರ್ ಜೊತೆ ನಾವು ಕೊಟ್ಟ ಬ್ಯಾಡ್ಜುಗಳೂ ಹೋಗಿದ್ದವು. ಕಾಗದದ ಸರ್ಟಿಫಿಕೇಟ್ ಆಗಿದ್ದರೆ ಟ್ರಂಕಿನ ತಳದಲ್ಲಾದರೂ ಇರುತ್ತಿತ್ತು.

2011ರಲ್ಲಿ ಮೊಜಿಲ್ಲಾ ಸಂಸ್ಥೆ ಮ್ಯಾಕ್‌ಆರ್ಥರ್ ಫೌಂಡೇಶನ್ ನೆರವಿನಿಂದ 'ಓಪನ್ ಬ್ಯಾಡ್ಜಸ್' ಕೆಲಸ ಶುರು ಮಾಡಿತು. ನೋಡಲು ಅದು ಬರೀ ಒಂದು ಚಿತ್ರ. ಆದರೆ ಆ ಫೈಲಿನೊಳಗೇ ಯಾರು ಕೊಟ್ಟರು, ಯಾರಿಗೆ, ಯಾವಾಗ, ಏನು ಮಾಡಿದ್ದಕ್ಕೆ, ಪುರಾವೆ ಎಲ್ಲಿದೆ ಎಂಬ ಮಾಹಿತಿ ಕೂತಿರುತ್ತದೆ. ತಂತ್ರಜ್ಞರು ಇದಕ್ಕೆ 'ಬೇಕಿಂಗ್' ಎನ್ನುತ್ತಾರೆ. ನನಗೆ ಹೋಳಿಗೆಗೆ ಹೂರಣ ತುಂಬಿದ ಹಾಗೆ ಕಾಣುತ್ತದೆ. ನಮ್ಮಲ್ಲಿ ಬಹಳಷ್ಟು ಬ್ಯಾಡ್ಜುಗಳು ಹೂರಣವಿಲ್ಲದ ಹೋಳಿಗೆಗಳೇ.

ನಾನೂ ಅಂಥದ್ದು ಬೇಕಾದಷ್ಟು ಮಾಡಿದ್ದೇನೆ. ಕಾಲೇಜುಗಳು ಆನ್‌ಲೈನ್ ಪಾಠಕ್ಕೆ ಬಳಸುವ ತಂತ್ರಾಂಶ ಮೂಡಲ್‌ನಲ್ಲಿ 2013ರ 2.5ನೇ ಆವೃತ್ತಿಯಿಂದಲೇ ಬ್ಯಾಡ್ಜ್ ಸೌಲಭ್ಯವಿದೆ. ಅದನ್ನು ಕಲಿತ ಹುಮ್ಮಸ್ಸಿನಲ್ಲಿ ಲಾಗಿನ್ ಆದರೆ ಒಂದು, ಪ್ರೊಫೈಲ್ ಫೋಟೊ ಹಾಕಿದರೆ ಇನ್ನೊಂದು ಎಂದು ಹಂಚಿದೆ. ಮೂರನೇ ವಾರಕ್ಕೆ ಒಬ್ಬ ಹುಡುಗ ಕೇಳಿಯೇಬಿಟ್ಟ: "ಇಷ್ಟಕ್ಕೆಲ್ಲಾ ಬ್ಯಾಡ್ಜಾ ಸಾರ್?"

ಅವನ ಪ್ರಶ್ನೆ ಹೊಸದಲ್ಲ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಮೊದಲೇ ಬಹುಮಾನದ ಆಸೆ ತೋರಿಸಿ ಬಿಡಿಸಲು ಹೇಳಿದರು. ಕೆಲವು ದಿನ ಕಳೆದು ಸುಮ್ಮನೆ ಆಡಲು ಬಿಟ್ಟಾಗ, ಆ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟೇ ಹೊತ್ತು ಚಿತ್ರ ಬಿಡಿಸಿದರು. ಹೇಳದೆ ಬಹುಮಾನ ಕೊಟ್ಟ ಮಕ್ಕಳ ಆಸಕ್ತಿ ಹಾಗೆ ಕುಂದಲಿಲ್ಲ.

ಹಾಗಾಗಿ ಲಾಗಿನ್ ಬ್ಯಾಡ್ಜುಗಳನ್ನೆಲ್ಲ ಕಿತ್ತುಹಾಕಿ, ಕೈಕೆಲಸಕ್ಕೆ ಸಂಬಂಧಿಸಿದ ನಾಲ್ಕನ್ನು ಉಳಿಸಿಕೊಂಡೆ. ಸೋಲ್ಡರಿಂಗ್, ಅಂದರೆ ಲೋಹದ ತಂತಿ ಕರಗಿಸಿ ಬಿಡಿಭಾಗಗಳನ್ನು ಬೋರ್ಡಿಗೆ ಬೆಸೆಯುವ ಕೆಲಸದ ಬ್ಯಾಡ್ಜನ್ನೇ ನೋಡಿ. ಮಾನದಂಡದ ಜಾಗದಲ್ಲಿ ಮೊದಲು 'ಸೋಲ್ಡರಿಂಗ್‌ನಲ್ಲಿ ಉತ್ತಮ ಸಾಧನೆ' ಎಂದಿತ್ತು. ಇದನ್ನು ಓದಿದವರಿಗೆ ತಿಳಿಯುವುದೇನು, ಮಣ್ಣು! ಈಗ ಹೀಗಿದೆ: ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ 7805 ಐಸಿ ಬಳಸಿ 5 ವೋಲ್ಟ್ ಪವರ್ ಸಪ್ಲೈ ತಾನೇ ಬೆಸೆದಿರಬೇಕು. ಲೋಡ್ ಕೊಟ್ಟಾಗ ವೋಲ್ಟೇಜ್ 4.8ರಿಂದ 5.2ರೊಳಗೆ ನಿಲ್ಲಬೇಕು. ಮೇಷ್ಟ್ರು ಬೇಕೆಂದೇ ಬಿಡಿಸಿಟ್ಟ ಒಂದು ಜಾಯಿಂಟನ್ನು ಮಲ್ಟಿಮೀಟರ್ ಹಿಡಿದು 15 ನಿಮಿಷದಲ್ಲಿ ಪತ್ತೆ ಮಾಡಬೇಕು. ಪುರಾವೆಗೆ ಬೋರ್ಡಿನ ಹಿಂಬದಿಯ ಫೋಟೊ. ಮುಂಬದಿ ಎಲ್ಲರದೂ ಚೆನ್ನಾಗಿಯೇ ಇರುತ್ತದೆ. ಹಿಂದೆ ತಿರುಗಿಸಿದರೆ ಬಂಡವಾಳ ಬಯಲು. ಸೀಸ ಕೂಡಿದ ನಮ್ಮ ಲ್ಯಾಬ್ ತಂತಿಯಲ್ಲಿ ಒಳ್ಳೆಯ ಜಾಯಿಂಟ್ ಮಿರಮಿರ ಹೊಳೆಯುತ್ತಾ ಕಾಲಿನ ಸುತ್ತ ಇಳಿಜಾರಾಗಿ ಹರಡಿರುತ್ತದೆ. ಸರಿಯಾಗಿ ಕೂಡದ ಬೆಸುಗೆ, ಅಂದರೆ ಡ್ರೈ ಸೋಲ್ಡರ್ ಆಗಿದ್ದರೆ ಮಂಕಾಗಿ, ಮುದ್ದೆಯಾಗಿರುತ್ತದೆ. ಮಾರ್ಕ್ಸ್ ಕಾರ್ಡಿನಲ್ಲಿ ಲ್ಯಾಬ್‌ಗೆ ಎಷ್ಟೇ ಅಂಕವಿರಲಿ, ಇದು ಅದರಲ್ಲಿ ಕಾಣುವುದಿಲ್ಲ.

ಮೂಡಲ್ ಬಳಸುವವರಿಗೆ ಒಂದು ಮಾತು: ಒಬ್ಬರಿಗೆ ಬ್ಯಾಡ್ಜ್ ಸಿಕ್ಕಿತೆಂದರೆ ಅದರ ಮಾನದಂಡಕ್ಕೆ ಬೀಗ ಬಿದ್ದ ಹಾಗೆ, ಮತ್ತೆ ತಿದ್ದಲಾಗದು. ನನಗೆ ಗೊತ್ತಾಗುವ ಹೊತ್ತಿಗೆ ಇಪ್ಪತ್ತು ಜನರಿಗೆ ಹೋಗಿತ್ತು. ಕಿರಿಕಿರಿ ಎನಿಸಿದರೂ ನಿಯಮ ಸರಿಯೇ. ಇಲ್ಲದಿದ್ದರೆ ಮೊದಲು ಪಡೆದವನದೂ ಆಮೇಲೆ ಪಡೆದವನದೂ ಬೇರೆ ಬೇರೆ ಬ್ಯಾಡ್ಜ್ ಆಗಿಬಿಡುತ್ತವೆ.

ಇನ್ನು ಇಮೇಲ್. ಬ್ಯಾಡ್ಜ್ ಸಾಮಾನ್ಯವಾಗಿ ಪಡೆದವರ ಇಮೇಲ್‌ಗೆ ಗಂಟು ಬಿದ್ದಿರುತ್ತದೆ. ಕಾಲೇಜು ಕೊಟ್ಟ ಇಮೇಲ್ ಕೋರ್ಸ್ ಮುಗಿದ ಮೇಲೆ ಮುಚ್ಚಿಹೋದರೆ, ಇದು ತನ್ನದೇ ಎಂದು ತೋರಿಸುವುದು ಕಷ್ಟ. ಸ್ವಂತ ಇಮೇಲ್‌ಗೇ ಕೊಡಿ.

ಸರ್ವರ್ ಹೋದರೆ ಬ್ಯಾಡ್ಜೂ ಹೋಗುವ ತೊಂದರೆಗೂ ದಾರಿ ಇದೆ. ಈಗ ಓಪನ್ ಬ್ಯಾಡ್ಜಸ್ ಮಾನಕವನ್ನು ನೋಡಿಕೊಳ್ಳುತ್ತಿರುವುದು 1ಎಡ್‌ಟೆಕ್ ಎಂಬ ಒಕ್ಕೂಟ. ಅದರ 3.0 ಆವೃತ್ತಿಯಲ್ಲಿ ಕೊಟ್ಟವರ ಡಿಜಿಟಲ್ ಸಹಿ ಬ್ಯಾಡ್ಜ್ ಜೊತೆಗೇ ಬರುತ್ತದೆ. ಸಹಿ ಪರಿಶೀಲಿಸುವ ಸಾರ್ವಜನಿಕ ಕೀ ಸಿಕ್ಕರೆ ಸಾಕು, ಪ್ರತಿ ಸಲ ಕಾಲೇಜಿನ ಸರ್ವರ್ ಬಾಗಿಲು ತಟ್ಟಬೇಕಿಲ್ಲ. ಹಳೆಯ ವ್ಯವಸ್ಥೆಯಲ್ಲೇ ಇರುವವರು ವಿಳಾಸ ಬದಲಿಸುವಾಗ ಹಳೆಯದರಿಂದ ಹೊಸದಕ್ಕೆ ದಾರಿ ಬಿಟ್ಟಿರಬೇಕು. ಅರ್ಧ ದಿನದ ಕೆಲಸ, ನಮ್ಮಲ್ಲಿ ಯಾರಿಗೂ ನೆನಪಾಗಲಿಲ್ಲ.

ಲಿಂಕ್ ತೆರೆಯದಿದ್ದರೂ ಆ ಹುಡುಗಿಯ ಫೋನಿನಲ್ಲಿ ಬೋರ್ಡಿನ ಹಿಂಬದಿಯ ಫೋಟೊ ಇತ್ತಂತೆ. ತೋರಿಸಿದಳು. ಅವರು ಅದನ್ನು ದೊಡ್ಡದು ಮಾಡಿ ನೋಡಿ, "ಈ ಮೂರನೇ ಜಾಯಿಂಟ್ ಯಾಕೆ ಮಂಕಾಗಿದೆ?" ಎಂದು ಕೇಳಿದರಂತೆ. "ಅದು ಸರ್ ಬಿಡಿಸಿಟ್ಟಿದ್ದು, ನಾನು ಹುಡುಕಿ ಮತ್ತೆ ಬೆಸೆದದ್ದು. ಗಡಿಬಿಡಿಯಲ್ಲಿ ಸೋಲ್ಡರಿಂಗ್ ಐರನ್ ಇನ್ನೂ ಕಾದಿರಲಿಲ್ಲ" ಎಂದಳಂತೆ. ಅಲ್ಲಿಂದ ಮಾತು ಐರನ್ನಿನ ಬಿಸಿ, ಫ್ಲಕ್ಸ್ ಎಂದು ಇಪ್ಪತ್ತು ನಿಮಿಷ ನಡೆಯಿತಂತೆ.